ಪ್ರತಿ: ಮೆಟಲುರ್ಗ್ ಪಂದ್ಯದ ಸಮಯವೂ ಫಲಿತಾಂಶವೂ ಏಕೆ ಹೊಂದುತ್ತಿಲ್ಲ?

ರಷ್ಯಾದ ಮ್ಯಾಗ್ನಿಟೊಗೊರ್ಸ್ಕ್ ನಗರದ ಐಸ್ ಹಾಕಿ ತಂಡ ಮೆಟಲುರ್ಗ್‌ನ ಪಂದ್ಯ ಸಂಜೆ ಐದೂವರೆಗೆ ಕಾಣಲಿಲ್ಲ, ಜೊತೆಗೆ ತಂಡ ಆಡದ ಪಂದ್ಯದಲ್ಲಿ ಸೋತಿದೆ ಎಂದು ಆ್ಯಪ್ ತೋರಿಸುತ್ತಿದೆ ಎಂದು ಕೇಳಿದ್ದೀರಿ. ಪಂದ್ಯಗಳ ಪಟ್ಟಿಯಲ್ಲಿರುವ 17:00 ಬಹುಶಃ ಮಾಸ್ಕೋ ಸಮಯ. ನೀವು ಅದನ್ನು ಮ್ಯಾಗ್ನಿಟೊಗೊರ್ಸ್ಕ್ ಸಮಯವೆಂದುಕೊಂಡು ಅರ್ಧ ಗಂಟೆ ಮಾತ್ರ ಕೂಡಿಸಿದ್ದೀರಿ. ಐದೂವರೆಗೆ ಪಂದ್ಯ ಕಾಣದಿರುವುದು ಅದಕ್ಕೇ. ಉರಲ್ ಸೀಮೆಯ ಆ ನಗರ ಮಾಸ್ಕೋಗಿಂತ 2 ಗಂಟೆ ಮುಂದಿದೆ, ನಾವು ಎರಡೂವರೆ ಗಂಟೆ.

ಮೊದಲು ಪಟ್ಟಿಯ ತಲೆಬರಹದಲ್ಲಿ ಯಾವ ಊರಿನ ಸಮಯವೆಂದು ನೋಡಿ. ಮಾಸ್ಕೋ ಎಂದಿದ್ದರೆ ಎರಡೂವರೆ ಗಂಟೆ ಕೂಡಿಸಿ: 17:00 ಎಂದರೆ ನಮಗೆ ರಾತ್ರಿ ಏಳೂವರೆ. ಕೆಲವು ಆ್ಯಪ್‌ಗಳು ತಾವೇ ಭಾರತದ ಸಮಯಕ್ಕೆ ಬದಲಿಸುತ್ತವೆ, ಅಲ್ಲಿ ಮತ್ತೆ ಕೂಡಿಸಬೇಡಿ. ತಂಡ ರಷ್ಯಾದ ಪೂರ್ವ ತುದಿಯ ವ್ಲಾಡಿವೊಸ್ಟಾಕ್‌ಗೆ ಹೋದಾಗ ಅಲ್ಲಿನ ಸಂಜೆ ಏಳರ ಪಂದ್ಯ ನಮಗೆ ಮಧ್ಯಾಹ್ನ ಎರಡೂವರೆಗೇ ಶುರು. ಕಚೇರಿಯಲ್ಲಿರುವವರಿಗೆ ಅದು ಕೈತಪ್ಪಿದಂತೆಯೇ.

ಆಡದ ಪಂದ್ಯದಲ್ಲಿ ತಂಡ ಸೋತಂತೆ ಕಾಣುವುದಕ್ಕೆ ಕಾರಣ ಬೇರೆ ಇರಬೇಕು. ಸೈಬೀರಿಯಾದ ನೊವೊಕುಜ್ನೆಟ್‌ಸ್ಕ್‌ನಲ್ಲೂ ಮೆಟಲುರ್ಗ್ ಎಂಬ ಕ್ಲಬ್ ಇದೆ. ಎರಡೂ ಉಕ್ಕಿನ ಊರುಗಳು, ಹೆಸರಿನ ಗೊಂದಲ ಹಳೆಯದು. ನೊವೊಕುಜ್ನೆಟ್‌ಸ್ಕ್ ತಂಡ 2017ರಲ್ಲಿ ರಷ್ಯಾದ ಅಗ್ರ ಹಾಕಿ ಲೀಗ್ ಆದ ಕೆಎಚ್‌ಎಲ್‌ನಿಂದ ಹೊರಬಿದ್ದು ಕೆಳಹಂತದ ಲೀಗ್ ವಿಎಚ್‌ಎಲ್ ಸೇರಿತು. ನೀವು ನೋಡಿದ ಸೋಲು ಬಹುಶಃ ಆ ತಂಡದ್ದು. ಆಟಗಾರರ ಹೆಸರು ನೆಚ್ಚಿಕೊಂಡು ಹುಡುಕಬೇಡಿ: ಮಾಲ್ಕಿನ್ ಮ್ಯಾಗ್ನಿಟೊಗೊರ್ಸ್ಕ್‌ನವರು, ಬಾಬ್ರೊವ್‌ಸ್ಕಿ ನೊವೊಕುಜ್ನೆಟ್‌ಸ್ಕ್‌ನವರು, ಇಬ್ಬರ ಹಳೆಯ ತಂಡದ ಹೆಸರೂ ಮೆಟಲುರ್ಗ್!

ಆ್ಯಪ್‌ನಲ್ಲಿ ಈಗ ಗುರುತು ಹಾಕಿರುವ ತಂಡವನ್ನು ತೆಗೆದು, ಊರಿನ ಹೆಸರು ಸೇರಿಸಿ ಮತ್ತೆ ಹುಡುಕಿ. ತಂಡದ ಪುಟದಲ್ಲಿ 2014, 2016 ಮತ್ತು 2024ರ ಗಗಾರಿನ್ ಕಪ್ (ಕೆಎಚ್‌ಎಲ್ ಗೆದ್ದವರಿಗೆ ಸಿಗುವ ಕಪ್) ಕಂಡರೆ ಅದೇ ನಿಮ್ಮ ತಂಡ.