ಹೆಲ್ಮೆಟ್ಟಿಗೆ ಗಾಜಿನ ಪೆಟ್ಟಿಗೆ, ಪುಸ್ತಕಕ್ಕೆ ರದ್ದಿ ಅಂಗಡಿ

ಓದುಗರ ಪತ್ರ: ಏಪ್ರಿಲ್ ಸಂಚಿಕೆಯಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹದ ಲೇಖನ ಓದಿದೆ. ಮತ್ತೆ ಅದೇ ಮುಂಬೈ ಬಂದರಿನ ಕತೆ. ನಮ್ಮ ತಂದೆ ಈ ರಾಜ್ಯದ ಅಗ್ನಿಶಾಮಕ ಇಲಾಖೆಗೆ ಫೈರ್‌ಮನ್ ಆಗಿ ಸೇರಿ ಠಾಣಾಧಿಕಾರಿಯಾಗಿ ನಿವೃತ್ತರಾದವರು. ಅವರು ಆರಿಸಿದ ಬೆಂಕಿಗಳ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಒಂದು ಟ್ರಂಕು ಉಳಿದಿದೆ. ಹೆಲ್ಮೆಟ್, ಬೆಲ್ಟು, ಒಂದಷ್ಟು ಫೋಟೋ, ಕೆಲವು ನೋಟ್‌ಬುಕ್. ಇಲಾಖೆಗೊಂದು ಮ್ಯೂಸಿಯಂ ಬೇಡವೇ? ಅಂಥದ್ದೊಂದು ಆದರೆ ಎಲ್ಲವನ್ನೂ ಕೊಡುತ್ತೇನೆ. ಅಲ್ಲಿಯವರೆಗೆ ಫೋಟೋಗಳಿಗೆ ಲ್ಯಾಮಿನೇಷನ್ ಮಾಡಿಸಲೇ? (ಒಬ್ಬ ಓದುಗ, ದಾವಣಗೆರೆ)

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಏಪ್ರಿಲ್ 14 ಬಂತೆಂದರೆ ಪತ್ರಿಕೆಗಳೆಲ್ಲ ಮುಂಬೈ ಬಂದರಿಗೆ ಓಡುತ್ತವೆ. ಆದರೆ ಯಾಕೆ ಓಡುತ್ತವೆ? 1944ರ ಆ ಒಂದು ಸಂಜೆ ಅಲ್ಲಿ ಸ್ಫೋಟಕ ತುಂಬಿದ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ. ಆ ದಿನದ ಬಗ್ಗೆ ಕಾಗದ ಉಳಿದಿದೆ.

ಎಷ್ಟರ ಮಟ್ಟಿಗೆ ಅಂದರೆ, ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಏನೇನಿತ್ತು ಎಂದು ಇವತ್ತು ಕೂತು ಲೆಕ್ಕ ಹಾಕಬಹುದು. ಸುಮಾರು 1,400 ಟನ್ ಸ್ಫೋಟಕ. ಕರಾಚಿಯಲ್ಲಿ ತುಂಬಿಸಿದ 8,700 ಹತ್ತಿಯ ಬೇಲು. ಎಣ್ಣೆಯ ಪೀಪಾಯಿ, ಮರದ ದಿಮ್ಮಿ, ಮೀನಿನ ಗೊಬ್ಬರ, ಚಿನ್ನದ ಗಟ್ಟಿ. ಸ್ಫೋಟಕದ ಪಕ್ಕದಲ್ಲಿ ಹತ್ತಿ ಇಟ್ಟದ್ದು ಯಾವ ಬುದ್ಧಿಗೋ! ಮಧ್ಯಾಹ್ನ ಹೊಗೆ ಕಂಡಿತು. ಸುದ್ದಿ ಮುಟ್ಟಿಸಲು ಓಡಿದ ಅಗ್ನಿಶಾಮಕನಿಗೆ ಸಿಕ್ಕಿದ್ದು ಡಯಲ್ ಇಲ್ಲದ ಟೆಲಿಫೋನು. ಆತ ಅಲಾರಂನ ಗಾಜು ಒಡೆದ. ಕಂಟ್ರೋಲ್ ರೂಮಿನವರು ಇದು ಮಾಮೂಲಿ ಬೆಂಕಿ ಅಂದುಕೊಂಡು ಮೊದಲಿಗೆ ಎರಡೇ ಪಂಪು ಕಳಿಸಿದರು ಎಂದು ಆ ದಿನದ ವಿವರ ಬರೆದವರು ಹೇಳುತ್ತಾರೆ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯ ನಂತರ ಇನ್ನೊಂದು ಸ್ಫೋಟ.

ಯುದ್ಧದ ಕಾಲ. ಸೆನ್ಸಾರ್ ಇತ್ತು, ವಾರಗಟ್ಟಲೆ ಪತ್ರಿಕೆಗಳು ಬಾಯಿ ಬಿಡುವ ಹಾಗಿರಲಿಲ್ಲ. ಹಾಗಿದ್ದರೂ ವಿಚಾರಣಾ ಆಯೋಗ ಕೂತಿತು, ಸಾಕ್ಷಿಗಳ ಹೇಳಿಕೆ ದಾಖಲಾಯಿತು. ಆ ಡಯಲ್ ಇಲ್ಲದ ಫೋನಿನಂಥ ಸಣ್ಣ ಸಂಗತಿ 80 ವರ್ಷ ದಾಟಿ ನಮ್ಮ ಕೈಗೆ ಸಿಗುವುದು ಹೀಗೆ ಯಾರೋ ಕೇಳಿ, ಯಾರೋ ಬರೆದಿಟ್ಟರೆ ಮಾತ್ರ.

ಈಗ ನಮ್ಮ ಕಡೆಗೆ ಬರೋಣ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 62 ಜನ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ. ಹಿಂದಕ್ಕೆ ಹೋದರೆ, ಮದುವೆ ಸಂಭ್ರಮದ ನಡುವೆ ಮೈಸೂರಿನ ಮರದ ಅರಮನೆ ಸುಟ್ಟುಹೋದದ್ದೂ 1897ರ ಫೆಬ್ರವರಿಯಲ್ಲೇ.

ನಾಲ್ಕೂ ಫೆಬ್ರವರಿ! ಇದು ಕಾಕತಾಳೀಯವೋ, ಚಳಿ ಹೋಗಿ ಎಲ್ಲ ಒಣಗುವ ಹೊತ್ತು ಅಂತಲೋ? ನಾಲ್ಕು ದುರಂತ ಇಟ್ಟುಕೊಂಡು ಸುಮ್ನೆ ತರ್ಕ ಮಾಡಬಾರದು. ಆದರೆ ಬಂದ ಕರೆಗಳನ್ನು ಬರೆದಿಡುವ, ಒಂದು ಠಾಣೆಯ ಮೂವತ್ತು ವರ್ಷದ ಪುಸ್ತಕಗಳು ಸಾಲಾಗಿ ಸಿಕ್ಕಿದರೆ, ತಿಂಗಳುವಾರು ಕರೆಗಳನ್ನು ಎಣಿಸಿ ಒಂದು ವಾರದಲ್ಲಿ ಉತ್ತರ ಹೇಳಬಹುದು. ಪತ್ರಿಕೆಗಳ ಹಳೇ ಕಟ್ಟಿನಲ್ಲಿ ಸತ್ತವರ ಸಂಖ್ಯೆ ಸಿಗುತ್ತದೆ, ಮಂತ್ರಿಗಳು ಭೇಟಿ ಕೊಟ್ಟದ್ದು ಸಿಗುತ್ತದೆ. ಕರೆ ಎಷ್ಟು ಹೊತ್ತಿಗೆ ಬಂತು, ಗಾಡಿ ಎಷ್ಟು ಹೊತ್ತಿಗೆ ಠಾಣೆ ಬಿಟ್ಟಿತು, ನೀರು ಎಲ್ಲಿಂದ ತಂದರು, ಹೋಸ್ ಹಿಡಿದವರು ಯಾರು ಅನ್ನುವುದಕ್ಕೆ ಠಾಣೆಯ ಪುಸ್ತಕವೇ ಬೇಕು.

ಅದಕ್ಕೇ ಮ್ಯೂಸಿಯಂ ಮಾತಿಗೆ ನಾನು ಸ್ವಲ್ಪ ತಣ್ಣಗಿದ್ದೇನೆ. ಮ್ಯೂಸಿಯಂ ಆಗಲಿ, ಬೇಡ ಅನ್ನುವುದಿಲ್ಲ. ಕೆಂಪು ಗಾಡಿ, ಗಂಟೆ, ಹೆಲ್ಮೆಟ್ ನೋಡಿ ಮಕ್ಕಳು ಕುಣಿಯುತ್ತಾರೆ. ಆದರೆ ಹೆಲ್ಮೆಟ್ಟನ್ನು ಯಾರೂ ರದ್ದಿಗೆ ಹಾಕುವುದಿಲ್ಲ. ನೋಡಿದ ಕೂಡಲೇ ಅದಕ್ಕೆ ಬೆಲೆ ಇದೆ ಅಂತ ಗೊತ್ತಾಗುತ್ತದೆ. ರಟ್ಟು ಹರಿದ ಪುಸ್ತಕಕ್ಕೆ ಆ ಅದೃಷ್ಟ ಇಲ್ಲ. ಠಾಣೆಗೆ ಸುಣ್ಣ ಬಳಿಯುವಾಗ, ಕಟ್ಟಡ ಬದಲಾಯಿಸುವಾಗ ಮೊದಲು ಹೊರಬೀಳುವುದು ಅದೇ.

ಒಂದು ಮಾಮೂಲಿ ಠಾಣೆಯ ಮಾಮೂಲಿ ವರ್ಷವನ್ನು ಯೋಚಿಸಿ ನೋಡಿ. ಸುಗ್ಗಿ ಮುಗಿಯುತ್ತಿದ್ದಂತೆ ಹುಲ್ಲಿನ ಬಣವೆ. ನಿಮ್ಮ ಕಡೆ ಹತ್ತಿ ಗೋದಾಮು, ತಿಪಟೂರು ಕಡೆ ಕೊಬ್ಬರಿ. ಬಾವಿಗೆ ಬಿದ್ದ ಎಮ್ಮೆ. ಮೊದಮೊದಲು ಸೀಮೆಎಣ್ಣೆ ಸ್ಟೌ ಸಿಡಿದದ್ದೇ ಜಾಸ್ತಿ, ಆಮೇಲೆ ಗ್ಯಾಸ್ ಸಿಲಿಂಡರ್, ಆಮೇಲೆ ಶಾರ್ಟ್ ಸರ್ಕ್ಯೂಟ್, ಈಗ ಸ್ಕೂಟರಿನ ಬ್ಯಾಟರಿ. ನಮ್ಮ ಅಡುಗೆಮನೆ ಹೇಗೆ ಬದಲಾಯಿತು ಅನ್ನುವುದಕ್ಕೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ಇನ್ನೆಲ್ಲಿ ಸಿಗುತ್ತದೆ? ಸೊಸೆಯಂದಿರ ಸಾವುಗಳಿಗೆ ‘ಸ್ಟೌ ಸಿಡಿತ’ ಎಂದು ಬರೆದ ಸಾಲುಗಳೂ ಅದರಲ್ಲೇ ಇರುತ್ತವೆ. ಅವನ್ನು ಇವತ್ತು ಓದುವವರು ಬೇರೆ ಕಣ್ಣಿನಿಂದ ಓದುತ್ತಾರೆ.

ಲಂಡನ್ನಿನಲ್ಲಿ ಈ ಬುದ್ಧಿ ಬೇಗ ಬಂದಿತ್ತು. 1833ರಲ್ಲಿ ಅಲ್ಲಿನ ವಿಮಾ ಕಂಪನಿಗಳು ಸೇರಿ ಒಂದೇ ದಳ ಕಟ್ಟಿದವು. ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್. ಯಾವ ಬೆಂಕಿ ಮೇಣದ ಬತ್ತಿಯಿಂದ, ಯಾವುದು ಪರದೆಗೆ ತಗುಲಿ, ಯಾವುದು ಚಿಮಣಿಯಿಂದ ಎಂದು ವರ್ಷವರ್ಷವೂ ಪಟ್ಟಿ ಅಚ್ಚಾಗುತ್ತಿತ್ತು. ದುಡ್ಡು ಕಟ್ಟುವವರು ವಿಮಾ ಕಂಪನಿಯವರು, ಲೆಕ್ಕ ಬೇಕೇ ಬೇಕಲ್ವಾ! 1861ರಲ್ಲಿ ಟೂಲಿ ಸ್ಟ್ರೀಟಿನ ಗೋದಾಮುಗಳ ಬೆಂಕಿಯಲ್ಲಿ ಗೋಡೆ ಕುಸಿದು ಬ್ರೇಡ್‌ವುಡ್ ಸತ್ತ. ಆ ಬೆಂಕಿಯ ನಷ್ಟ ಕಂಡು ಕಂಪನಿಗಳು ಕೈ ಎತ್ತಿದವು. 1865ರ ಕಾಯ್ದೆ ಬಂದು ದಳ ಸಾರ್ವಜನಿಕ ಹಣಕ್ಕೆ ಬಂತು.

ನ್ಯೂಯಾರ್ಕಿನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳ ಮೇಲೆ ದಾಳಿಯಾದಾಗ ಅಲ್ಲಿನ ದಳದ 343 ಮಂದಿ ಸತ್ತರು. ತಿಂಗಳೊಳಗೆ ಇಲಾಖೆ ಬದುಕುಳಿದವರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಲು ಶುರುಮಾಡಿತು. ಎಲ್ಲರ ನೆನಪೂ ಬೆರೆತು ಒಂದೇ ಕತೆಯಾಗುವ ಮುಂಚೆ ಹಿಡಿದಿಡಬೇಕು ಎನ್ನುವುದು ಆಗಿನ ಕಮಿಷನರ್ ಯೋಚನೆ. 503 ಸಂದರ್ಶನಗಳಾದವು. ಆಮೇಲೆ ಅದೇ ನಗರ ಆಡಳಿತ ಅವನ್ನು ಹೊರಗೆ ಬಿಡಲಿಲ್ಲ! ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೋರ್ಟಿಗೆ ಹೋಗಿ, 2005ರ ಆಗಸ್ಟಿನಲ್ಲಿ ಸುಮಾರು 12,000 ಪುಟ ಬಯಲಾಯಿತು. ಪಕ್ಕದ ಗೋಪುರ ಬಿದ್ದದ್ದೇ ತಮಗೆ ಗೊತ್ತಿರಲಿಲ್ಲ ಎಂದು ಎಷ್ಟೋ ಜನ ಅದರಲ್ಲಿ ಹೇಳಿದ್ದಾರೆ. ಕೂಡಿಡುವುದು ಒಂದು ಕೆಲಸ, ಓದಲು ಬಿಡುವುದು ಇನ್ನೊಂದು ಕೆಲಸ.

ನಮ್ಮಲ್ಲಿ ಏನಾಗುತ್ತದೆ? ಸರ್ಕಾರಿ ಕಚೇರಿಯ ಕಡತಗಳಿಗೆ ಎ, ಬಿ, ಸಿ, ಡಿ, ಇ ಎಂದು ದರ್ಜೆ ಇರುತ್ತದೆ. ಎ ದರ್ಜೆಯದು ಶಾಶ್ವತ. ಕೆಳಗಿಳಿದಂತೆ ಆಯಸ್ಸು ಕಡಿಮೆ. ದಿನನಿತ್ಯದ ಪುಸ್ತಕಕ್ಕೆ ಕೆಳಗಿನ ದರ್ಜೆ ಬಿತ್ತೆಂದರೆ ಅದರ ಕತೆ ಮುಗಿಯಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ನಿಯಮದ ಪ್ರಕಾರವೇ ಹೋಗುತ್ತದೆ. ಹಾಗಾಗಿ ಕೇಳಬೇಕಾದದ್ದು ದರ್ಜೆಯನ್ನೇ. ಠಾಣೆಯ ಕರೆ ಪುಸ್ತಕ ಮತ್ತು ಫೈರ್ ರಿಪೋರ್ಟುಗಳನ್ನು ಶಾಶ್ವತ ದರ್ಜೆಗೆ ಸೇರಿಸಿ, ಇಷ್ಟು ವರ್ಷವಾದ ಮೇಲೆ ಹಳೇ ದಾಖಲೆ ಕಾಪಾಡುವ ಪತ್ರಾಗಾರಕ್ಕೆ ಕೊಡಿ ಎಂದು ಒಂದು ಆದೇಶ ಹೊರಟರೆ ಸಾಕು. ಮ್ಯೂಸಿಯಂ ಕಟ್ಟುವ ಖರ್ಚಿನ ನೂರರಲ್ಲೊಂದು ಪಾಲೂ ಆಗುವುದಿಲ್ಲ. ಸತ್ತವರ, ಸುಟ್ಟುಕೊಂಡವರ ಹೆಸರು ಅದರಲ್ಲಿರುತ್ತದೆ, ನಿಜ. ಅಂಥ ಪುಸ್ತಕವನ್ನು ಇಷ್ಟು ವರ್ಷ ಮುಚ್ಚಿಡಿ ಎನ್ನುವ ಷರತ್ತು ಹಾಕಬಹುದು. ಸುಡುವುದಕ್ಕೆ ಅದು ನೆಪವಾಗಬಾರದು.

ಇನ್ನು ನಿಮ್ಮ ಟ್ರಂಕಿನ ವಿಷಯ. ಮ್ಯೂಸಿಯಂ ಆಗಲಿ ಎಂದು ಕಾಯಬೇಡಿ. ವಿಕಾಸಸೌಧದಲ್ಲಿ ರಾಜ್ಯ ಪತ್ರಾಗಾರವಿದೆ. ಖಾಸಗಿ ಸಂಗ್ರಹಗಳ ಬಗ್ಗೆ ಅವರನ್ನೇ ಕೇಳಿ. ಕೊಡುವ ಮುಂಚೆ ಏನೇನಿದೆ ಎಂದು ಒಂದು ಪಟ್ಟಿ ಬರೆದುಕೊಳ್ಳಿ, ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ನೋಟ್‌ಬುಕ್ಕುಗಳನ್ನು ಈಗಿರುವ ಕ್ರಮದಲ್ಲೇ ಬಿಡಿ. ನಿಮ್ಮ ತಂದೆ ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಅನ್ನುವುದೂ ಒಂದು ಮಾಹಿತಿ. ಗುಂಡುಸೂಜಿ, ಪಿನ್ನು ಇದ್ದರೆ ಮೆಲ್ಲಗೆ ತೆಗೆಯಿರಿ, ತುಕ್ಕು ಕಾಗದವನ್ನು ತಿನ್ನುತ್ತದೆ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ.

ತಂದೆಯವರ ಜೊತೆ ಕೆಲಸ ಮಾಡಿದವರು ಇನ್ನೂ ಇದ್ದಾರಾ? ನಮ್ಮ ಅಗ್ನಿಶಾಮಕ ದಳಕ್ಕೆ ತನ್ನದೇ ಕಾಯ್ದೆ ಬಂದದ್ದು 1964ರಲ್ಲಿ. ಆಗ ಸೇರಿದ ಹುಡುಗರು ಈಗ ಎಂಬತ್ತು ದಾಟಿದ್ದಾರೆ. ಮೊಬೈಲ್ ಮುಂದಿಟ್ಟು ಮಾತಾಡಿಸಿ. ‘ನಿಮ್ಮ ಸಾಹಸ ಹೇಳಿ’ ಅಂದರೆ ಭಾಷಣ ಬರುತ್ತದೆ. ಅದರ ಬದಲು ಗಾಡಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ನೀರು ಖಾಲಿಯಾದರೆ ಏನು ಮಾಡುತ್ತಿದ್ದಿರಿ, ರಾತ್ರಿ ಪಾಳಿಯ ಊಟ ಎಲ್ಲಿಂದ ಬರುತ್ತಿತ್ತು ಎಂದು ಕೇಳಿ. ತಂದೆಯವರ ಫೋಟೋಗಳನ್ನೂ ತೋರಿಸಿ, ಹೆಸರು ಹೇಳುವವರು ಅವರೇ.

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಬಿಸಿ ಮತ್ತು ಅಂಟು ಸೇರಿ ಫೋಟೋ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಅಂಟು ಹಾಳೆಯ ಆಲ್ಬಮ್ಮೂ ಬೇಡ. ಒಂದೊಂದನ್ನು ಒಂದೊಂದು ಕಾಗದದ ಲಕೋಟೆಯಲ್ಲಿಡಿ. ಹಳೇ ಕಪ್ಪುಬಿಳುಪು ಫೋಟೋಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹಗುರವಾಗಿ ಹೆಸರು, ಊರು, ಇಸವಿ ಬರೆಯಬಹುದು. ಬಣ್ಣದ ಫೋಟೋಗಳ ನುಣುಪು ಬೆನ್ನಿಗೆ ಪೆನ್ಸಿಲ್ ಹಿಡಿಯುವುದಿಲ್ಲ. ಅವಕ್ಕೆ ಲಕೋಟೆಯ ಮೇಲೆ ಬರೆಯಿರಿ, ಫೋಟೋ ಒಳಗಿಡುವ ಮುಂಚೆಯೇ.