ಒಗ್ಗರಣೆಗೂ ಎಣ್ಣೆ ಬೇಡ್ವಾ?

ಪ್ರಶ್ನೆ: ನನಗೆ 47 ವರ್ಷ. ಎಂಟು ತಿಂಗಳಿಂದ ಹಾಲು, ಮೊಸರು, ತುಪ್ಪ ಬಿಟ್ಟಿದ್ದೇನೆ. ಎಣ್ಣೆ, ಕಾಯಿ, ಶೇಂಗಾ ಕೂಡ ಇಲ್ಲ. ತೂಕ, ಕೊಲೆಸ್ಟ್ರಾಲ್ ಎರಡೂ ಇಳಿದಿವೆ. ಆದರೆ ಊಟವಾಗಿ ಎರಡು ತಾಸಿಗೆ ಮತ್ತೆ ಹಸಿವು, ಮೈಯೆಲ್ಲ ಒಣ ಒಣ, ಪಾದ ಜುಮುಜುಮು ಅನ್ನುತ್ತದೆ. ಇದನ್ನೇ ಜೀವನಪೂರ್ತಿ ಮುಂದುವರಿಸಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಪಾದದ ವಿಷಯ. ಈ ವಾರವೇ ವೈದ್ಯರನ್ನು ಕಂಡು, ನರಗಳಿಗೆ ಬೇಕಾದ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ, ಜೊತೆಗೆ ಸಕ್ಕರೆಯದ್ದೂ. ಮೊಟ್ಟೆ, ಮೀನು, ಮಾಂಸ ತಿನ್ನದವರು ಹಾಲು-ಮೊಸರನ್ನೂ ಬಿಟ್ಟರೆ ಬಿ12 ಬರುವ ದಾರಿಯೇ ಮುಚ್ಚಿತು, ಸೊಪ್ಪು ಎಷ್ಟೇ ತಿನ್ನಿ. ಇನ್ನೊಂದು ಕಿರಿಕಿರಿ ಇದೆ: ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಇನ್ನೊಂದು ವಿಟಮಿನ್, ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಡಿಬಿಡಬಹುದು, ಒಳಗೆ ನರ ಹಾಳಾಗುವುದು ಮಾತ್ರ ನಿಲ್ಲುವುದಿಲ್ಲ. ಈ ಪಥ್ಯ ಇರುವಷ್ಟು ದಿನ ಬಿ12 ಮಾತ್ರೆ ಬೇಕೇ ಬೇಕು.

ಇನ್ನು ಎಣ್ಣೆ. ಈ ಪಥ್ಯಕ್ಕೆ ಹೆಸರು ತಂದದ್ದು ಅಮೆರಿಕದ ವೈದ್ಯ ಡೀನ್ ಆರ್ನಿಶ್ ಅವರ 1990ರ ಅಧ್ಯಯನ. ಹೃದ್ರೋಗಿಗಳಿಗೆ ಕ್ಯಾಲೊರಿಯ ಶೇ. 10ರಷ್ಟು ಮಾತ್ರ ಕೊಬ್ಬು ಕೊಟ್ಟರು, ರಕ್ತನಾಳದ ಅಡಚಣೆ ಸ್ವಲ್ಪ ಕಮ್ಮಿಯಾಯಿತು. ಆದರೆ ಅದರಲ್ಲಿ ಕೊಬ್ಬು ತೆಗೆದ ಹಾಲು, ಮೊಟ್ಟೆಯ ಬಿಳಿಭಾಗಕ್ಕೆ ಅವಕಾಶ ಇತ್ತು. ವ್ಯಾಯಾಮ, ಧ್ಯಾನ, ಸಿಗರೇಟು ಬಿಡಿಸುವುದು, ವಾರವಾರ ಗುಂಪಾಗಿ ಕೂತು ಮಾತಾಡುವುದು, ಎಲ್ಲ ಒಟ್ಟಿಗೇ ನಡೆದಿತ್ತು. ನೀವು ಒಬ್ಬರೇ ಅಡುಗೆಮನೆಯಲ್ಲಿ ಹೋರಾಡುತ್ತಿದ್ದೀರಿ, ಅಲ್ವಾ?

2000 ಕ್ಯಾಲೊರಿಗೆ ಶೇ. 10 ಅಂದರೆ ದಿನಕ್ಕೆ 22 ಗ್ರಾಂ ಕೊಬ್ಬು. 100 ಗ್ರಾಂ ಹಸಿ ಕಾಯಿತುರಿಯಲ್ಲೇ ಸುಮಾರು 33 ಗ್ರಾಂ ಇರುತ್ತದೆ, ಅದೂ ಬಹುಪಾಲು ಸ್ಯಾಚುರೇಟೆಡ್, ಅಂದರೆ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ನಮ್ಮ ಕಡೆ ಕಾಯಿ ಒಡೆಯದ ದಿನ ಯಾವುದಿದೆ ಹೇಳಿ! ಹಾಗಾಗಿ ನಿಮ್ಮ ಕೊಲೆಸ್ಟ್ರಾಲ್ ಇಳಿದದ್ದರಲ್ಲಿ ತೂಕ ಇಳಿದದ್ದಕ್ಕೂ ತುಪ್ಪ, ಕಾಯಿ ಬಿಟ್ಟದ್ದಕ್ಕೂ ದೊಡ್ಡ ಪಾಲು. ಶೇಂಗಾ ಬಿಟ್ಟದ್ದರಿಂದ ಬಂದ ಲಾಭ ನನಗಂತೂ ಕಾಣುವುದಿಲ್ಲ. ಶೇಂಗಾ, ಎಣ್ಣೆಗಳಲ್ಲಿರುವ, ಚರ್ಮಕ್ಕೆ ಬೇಕಾದ ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಂಶವನ್ನು ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಕೊಬ್ಬಿನ ಜಾಗಕ್ಕೆ ಅನ್ನದ ರಾಶಿ ಹಾಕಿಕೊಂಡರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುವುದೂ ಉಂಟು.

ನಾನೂ ಒಮ್ಮೆ ಆರು ವಾರ ಎಣ್ಣೆ ಬಿಟ್ಟಿದ್ದೆ. ಇಂಗು-ಸಾಸಿವೆ ಸಿಡಿಯದ ಅಪ್ಪೆಹುಳಿ ಅಂದರೆ ಸುಮ್ನೆ ಮಾವಿನಕಾಯಿ ಬೇಯಿಸಿದ ನೀರು. ಏಳನೇ ವಾರ ಕುಮಟಾದ ಮದುವೆಮನೆಯಲ್ಲಿ ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದೆ, ಎಷ್ಟು ಅಂತ ಕೇಳಬೇಡಿ.

ಹಾಲು-ತುಪ್ಪ ಬಿಟ್ಟೇ ಇರುತ್ತೇನೆ ಅಂದರೆ ಅಡ್ಡಿಯಿಲ್ಲ. ಕಾಯಿಯನ್ನು ಹಬ್ಬಕ್ಕೆ ಇಟ್ಟುಕೊಳ್ಳಿ. ಒಗ್ಗರಣೆಗೆ ಒಂದು ಚಮಚ ಶೇಂಗಾ ಎಣ್ಣೆ, ದಿನಾ ಒಂದು ಮುಷ್ಟಿ ಶೇಂಗಾ, ಹುರಿದು ಪುಡಿಮಾಡಿದ ಅಗಸೆ ಒಂದು ಚಮಚ ಅನ್ನದ ಮೇಲೆ ಉದುರಿಸಿಕೊಳ್ಳಿ. ಎರಡು ತಾಸಿನ ಹಸಿವು ಇದರಲ್ಲೇ ಇಳಿಯಬಹುದು. ಬಿ12 ವರದಿ ಬಂದ ಮೇಲೆ ಮತ್ತೆ ಬರೆಯಿರಿ, ಟ್ರೈಗ್ಲಿಸರೈಡ್ ಎಷ್ಟಿದೆ ಅನ್ನುವುದನ್ನೂ ಸೇರಿಸಿ.