ಕ್ರೀಡಾಂಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮಣ್ಣನ ಮಗ ಅಮೆರಿಕದ ಒಂದು ಚಿಕ್ಕ ಕಾಲೇಜಿನಲ್ಲಿ ಓದುತ್ತಾ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಮುಂದೆ ಅಂಥದ್ದೇ ಕಾಲೇಜಿನಲ್ಲಿ ಹೆಡ್ ಕೋಚ್ ಆಗಬೇಕೆಂದು ಅವನ ಆಸೆ. ಕೋಟಿಗಟ್ಟಲೆ ಸಂಬಳ ಅನ್ನುತ್ತಾರೆ, ನಿಜವೇ?
– ಒಬ್ಬ ಓದುಗರು, ತಿಪಟೂರು

ಉತ್ತರ: ಆ ಕೋಟಿಗಳು ಟಿ.ವಿ.ಯಲ್ಲಿ ಬರುವ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮಾತ್ರ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎಗೆ ಮೂರು ಡಿವಿಷನ್‌ಗಳಿವೆ, ಚಿಕ್ಕ ಕಾಲೇಜುಗಳು ಹೆಚ್ಚಾಗಿ ಮೂರನೆಯದರಲ್ಲಿ ಆಡುತ್ತವೆ. ಆ ಡಿವಿಷನ್ನಿನಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ಅಂಕ ನೋಡಿ, ಮನೆಯ ಆದಾಯ ನೋಡಿ ಕೊಡುವ ಸಹಾಯವಷ್ಟೇ. ಹಾಗಾಗಿ ಹುಡುಗ ಶುಲ್ಕ ಕಟ್ಟಿ ಓದುವ ವಿದ್ಯಾರ್ಥಿಯಾಗಿಯೇ ಬರುತ್ತಾನೆ. ಅಂಥ ನೂರು ಹುಡುಗರನ್ನು ಕರೆತರುವ ತಂಡವೆಂದರೆ ಆಡಳಿತ ಮಂಡಳಿಗೆ ನೂರು ದಾಖಲಾತಿ. ಹೆಡ್ ಕೋಚ್ ಕೆಲಸದ ಬುಡ ಇರುವುದು ಇಲ್ಲಿ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 40 ಹೊಸಬರು ಸೇರಿ, ಪ್ರತಿ ಬ್ಯಾಚಿನಿಂದ ವರ್ಷಕ್ಕೆ ಹತ್ತು ಜನ ಬಿಟ್ಟುಹೋದರೆ ನಾಲ್ಕು ವರ್ಷದ ಒಟ್ಟು 40, 30, 20, 10 ಸೇರಿ 100. ಬಿಡುವವರನ್ನು ಐದಕ್ಕೆ ಇಳಿಸಿದರೆ ಅದೇ ನೂರಕ್ಕೆ ವರ್ಷಕ್ಕೆ 33 ಹೊಸಬರು ಸಾಕು. ಮೇಲಾಗಿ ಕೊನೆಯ ವರ್ಷದಲ್ಲಿ ಹತ್ತರ ಬದಲು ಹದಿನೆಂಟು ಪಳಗಿದ ಆಟಗಾರರಿರುತ್ತಾರೆ. ಪಂದ್ಯ ಗೆಲ್ಲಿಸುವವರು ಅವರೇ. ಹೊಸಬರನ್ನು ಹುಡುಕುವುದರಲ್ಲೇ ಮುಳುಗಿ, ಇದ್ದವರನ್ನು ಕಳೆದುಕೊಳ್ಳುವುದೇ ಹೊಸ ಹೆಡ್ ಕೋಚ್‌ಗಳ ದೊಡ್ಡ ತಪ್ಪು.

ವರ್ಷದ ಓಟ ಹೀಗಿರುತ್ತದೆ: ಆಗಸ್ಟ್‌ನಲ್ಲಿ ಶಿಬಿರ, ಸೆಪ್ಟೆಂಬರ್‌ನಿಂದ ನವೆಂಬರ್ ಮಧ್ಯದವರೆಗೆ ಹತ್ತು ಪಂದ್ಯ, ಹೆಚ್ಚಿನವು ಶನಿವಾರ. ಆಮೇಲೆ ಚಳಿಗಾಲವಿಡೀ ಹೈಸ್ಕೂಲುಗಳಿಗೆ ಓಡಾಟ, ಫೋನು, ತಂದೆತಾಯಿಯರೊಂದಿಗೆ ಮಾತುಕತೆ. ಇದರ ನಡುವೆ ಮೈದಾನಕ್ಕೆ ಗೆರೆ ಎಳೆಸುವುದು, ಬಸ್ ಗೊತ್ತು ಮಾಡುವುದು, ಕೆಲವೆಡೆ ಪಾಠ ಹೇಳುವುದೂ ಅವರ ಪಾಲಿಗೇ. ಮೆಟ್ಟಿಲುಗಳು ಹೆಚ್ಚಾಗಿ ಇವು: ಸ್ನಾತಕೋತ್ತರ ಓದುತ್ತಲೇ ಸಹಾಯಕ, ನಂತರ ಒಂದು ಸ್ಥಾನದ ಆಟಗಾರರ ಕೋಚ್, ನಂತರ ದಾಳಿ ಅಥವಾ ರಕ್ಷಣೆಯ ಪೂರ್ಣ ಹೊಣೆ ಹೊರುವ ಕೋಆರ್ಡಿನೇಟರ್, ಕೊನೆಗೆ ಹೆಡ್ ಕೋಚ್. ಒಹಾಯೊ ರಾಜ್ಯದ ಮೌಂಟ್ ಯೂನಿಯನ್ ಕಾಲೇಜಿನ ಲ್ಯಾರಿ ಕೆಹ್ರೆಸ್ ತಾವು ಆಡಿದ ಕಾಲೇಜಿನಲ್ಲೇ ಸಹಾಯಕರಾಗಿ ದುಡಿದು 1986ರಲ್ಲಿ ಹೆಡ್ ಕೋಚ್ ಆದರು. 2012ರವರೆಗೆ 332 ಗೆಲುವು, 24 ಸೋಲು, 3 ಡ್ರಾ, 11 ರಾಷ್ಟ್ರೀಯ ಪ್ರಶಸ್ತಿ. ನಿಮ್ಮ ಹುಡುಗನಿಗೆ ಈಗಲೇ ಒಂದು ಮಾತು ಹೇಳಿ: ಪಂದ್ಯದ ವಿಡಿಯೊ ಬಿಡಿಸಿ ನೋಡುವ ಕೆಲಸವನ್ನು ತನ್ನ ಕೋಚ್ ಬಳಿ ಕೇಳಿ ಪಡೆಯಲಿ. ಸಹಾಯಕನ ಕೆಲಸ ಕೇಳಲು ಹೋದಾಗ ಅದೇ ಕೈಹಿಡಿಯುತ್ತದೆ.

ಪ್ರಶ್ನೆ: ಪ್ರ್ಯಾಕ್ಟೀಸಿನಲ್ಲಿ ಒಬ್ಬರನ್ನೊಬ್ಬರು ಕೆಡವದೆಯೇ ದಾಖಲೆ ಗೆಲುವು ಕಂಡ ಅಮೆರಿಕದ ಕೋಚ್ ಬಗ್ಗೆ ಕೇಳಿದ್ದೇನೆ. ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಮಂಡಿ, ಭುಜದ ಪೆಟ್ಟು ಜಾಸ್ತಿ. ಆ ವಿಧಾನ ನಮಗೆ ಒಗ್ಗುತ್ತದೆಯೇ?
– ದೈಹಿಕ ಶಿಕ್ಷಣ ನಿರ್ದೇಶಕರು, ಶ್ರೀನಿವಾಸಪುರ

ಉತ್ತರ: ನೀವು ಕೇಳಿದ್ದು ಜಾನ್ ಗ್ಯಾಗ್ಲಿಯಾರ್ಡಿ ಅವರ ಬಗ್ಗೆ. ಮಿನ್ನೆಸೋಟ ರಾಜ್ಯದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ 1953ರಿಂದ 2012ರವರೆಗೆ ಕೋಚ್ ಆಗಿದ್ದರು, ಅದಕ್ಕೂ ಮುಂಚಿನ ಕಾಲೇಜಿನದೂ ಸೇರಿ ಒಟ್ಟು 489 ಗೆಲುವು. ಕಾಲೇಜು ಫುಟ್‌ಬಾಲಿನಲ್ಲಿ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. ಅವರ ಪ್ರ್ಯಾಕ್ಟೀಸಿನಲ್ಲಿ ಕೆಡವುವುದಿಲ್ಲ, ಸೀಟಿ ಇಲ್ಲ, ಶಿಕ್ಷೆಯ ಓಟ ಇಲ್ಲ. ಹುಡುಗರು ಅವರನ್ನು ‘ಜಾನ್’ ಎಂದೇ ಕರೆಯಬೇಕಿತ್ತು. ಪೆಟ್ಟಿಲ್ಲದ ಹುಡುಗ ಶನಿವಾರ ತಾಜಾ ಆಗಿ ಮೈದಾನಕ್ಕಿಳಿಯುತ್ತಾನೆ ಎಂಬುದು ಅದರ ತಿರುಳು.

ಕಬಡ್ಡಿಗೆ ಇದನ್ನು ಇಡಿಯಾಗಿ ತರಲಾಗದು. ಪಾದದ ಹಿಡಿತಕ್ಕೆ ಬೇಕಾದ ಹೊತ್ತಿನ ಅಂದಾಜು ನಿಜವಾಗಿ ಹಿಡಿಯದೆ ಬರುವುದಿಲ್ಲ. ಆದರೆ ಹಿಡಿತವನ್ನೂ ಕೆಡವುವುದನ್ನೂ ಬೇರೆ ಮಾಡಬಹುದು. 12 ಜನರ ತಂಡಕ್ಕೆ 90 ನಿಮಿಷವನ್ನು ಹೀಗೆ ಹಂಚಿ: 15 ನಿಮಿಷ ಮೈ ಬಿಸಿ ಮಾಡುವುದು, 20 ನಿಮಿಷ ಕಾಲ್ಚಳಕ, 25 ನಿಮಿಷ ಮುಟ್ಟುವ ಕೌಶಲ, 20 ನಿಮಿಷ ಅರ್ಧ ವೇಗದಲ್ಲಿ ಚೈನ್ ಕಟ್ಟುವುದು, 10 ನಿಮಿಷ ಮೈ ತಣಿಸುವುದು. ಚೈನ್ ಹೊತ್ತಿನಲ್ಲಿ ಹಿಡಿತ ಬಿದ್ದ ತಕ್ಷಣ ಕೈ ಬಿಡಬೇಕು, ಎಳೆದಾಟ ಬೇಡ. ಪೂರ್ಣ ವೇಗದ ಹಿಡಿತ ವಾರಕ್ಕೆ ಎರಡೇ ದಿನ, ಮ್ಯಾಟ್ ಮೇಲೆ ಮಾತ್ರ. ಮಣ್ಣಿನ ಅಂಕಣದಲ್ಲಿ ಅದನ್ನು ಮಾಡಿಸಲೇಬೇಡಿ.

ಮಂಡಿ ತಿರುಚುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ರೈಡರ್ ಊರಿದ ಕಾಲಿನ ಮೇಲೆ ತಿರುಗುತ್ತಿರುವಾಗ ಕಾರ್ನರ್ ಆಟಗಾರ ಅದೇ ಕಾಲನ್ನು ಹಿಡಿದು ಅಡ್ಡಕ್ಕೆ ಎಳೆಯುತ್ತಾನೆ, ಪಾದ ನೆಟ್ಟಿರುತ್ತದೆ, ತೊಡೆ ಮಾತ್ರ ಹೊರಳುತ್ತದೆ. ಹಿಡಿದವನು ತನ್ನ ಕಡೆಗೆ ನೇರವಾಗಿ ಎತ್ತುವಂತೆ ಕಲಿಸಿದರೆ ಪಾದ ನೆಲ ಬಿಡುತ್ತದೆ, ಮಂಡಿ ಉಳಿಯುತ್ತದೆ. ತಲೆಗೆ ಪೆಟ್ಟು ಬಿದ್ದು ಮಂಕಾದ ಹುಡುಗನನ್ನು ಆ ದಿನ ಮತ್ತೆ ಇಳಿಸಬೇಡಿ, ಫೈನಲ್ ಆದರೂ ಸರಿ. ವೈದ್ಯರು ನೋಡಿ ಒಪ್ಪುವವರೆಗೂ ಬೇಡ.

ಪ್ರಶ್ನೆ: ನಾನು ಬಿ.ಪಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಪದವಿ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕಿ) ಆಗಲು ಏನು ಬೇಕು?
– ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಎಂ.ಪಿ.ಎಡ್.ನಲ್ಲಿ ಶೇ. 55 ಅಂಕ, ಮೇಲೆ ಎನ್‌ಇಟಿ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಮೀಸಲಾತಿಗೆ ಸೇರಿದವರಿಗೆ ಅಂಕದಲ್ಲಿ ಶೇ. 5 ರಿಯಾಯಿತಿ ಉಂಟು. ಬಹಳ ಜನ ಇಷ್ಟಕ್ಕೇ ನಿಂತುಬಿಡುತ್ತಾರೆ. ಯುಜಿಸಿ ನಿಯಮದಲ್ಲಿ ಇನ್ನೆರಡು ಇವೆ: ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ ಅಥವಾ ರಾಜ್ಯ ಮಟ್ಟದಲ್ಲಿ ಆಡಿದ ದಾಖಲೆ ಮತ್ತು ದೈಹಿಕ ಸಾಮರ್ಥ್ಯ ಪರೀಕ್ಷೆ. ಮೂವತ್ತರೊಳಗಿನ ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್, ಪುರುಷರು 12 ನಿಮಿಷದಲ್ಲಿ 1800 ಮೀಟರ್ ಓಡಬೇಕು ಅಥವಾ ನಡೆಯಬೇಕು. ಕಷ್ಟದ್ದೇನಲ್ಲ, ಆದರೆ ಎರಡು ವರ್ಷ ಪುಸ್ತಕ ಹಿಡಿದು ಕುಳಿತವರಿಗೆ ಅಂದು ಉಸಿರು ಕಟ್ಟುತ್ತದೆ.

ಆಡಿದ ದಾಖಲೆಯನ್ನು ಆಮೇಲೆ ಸಂಪಾದಿಸಲಾಗದು. ಪ್ರಮಾಣಪತ್ರಗಳ ದೃಢೀಕೃತ ಪ್ರತಿ ಇಟ್ಟುಕೊಳ್ಳಿ. ಈಗ ಓದುವಾಗಲೇ ವಿಶ್ವವಿದ್ಯಾಲಯದ ಆಯ್ಕೆ ಪಂದ್ಯಗಳನ್ನು ಬಿಡಬೇಡಿ. ಕೋಚಿಂಗೇ ಮುಖ್ಯ ಎನ್ನುವುದಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಬೇರೆಯೇ ದಾರಿ. ಪಿ.ಡಿ. ಹುದ್ದೆಗೆ ಅದು ಎಂ.ಪಿ.ಎಡ್.ಗೆ ಬದಲಿಯಲ್ಲ.

ಪ್ರಶ್ನೆ: ಫ್ಲ್ಯಾಗ್ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದಿದೆಯಂತೆ. ನಮ್ಮ ಹೈಸ್ಕೂಲಿನಲ್ಲಿ ಆಡಿಸಬಹುದೇ?
– ಶಿಕ್ಷಕರು, ಚಿಂತಾಮಣಿ

ಉತ್ತರ: ಧಾರಾಳವಾಗಿ. ಇದು ಅಮೆರಿಕನ್ ಫುಟ್‌ಬಾಲಿನದೇ ಇನ್ನೊಂದು ರೂಪ. 2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮುಂಬೈ ಅಧಿವೇಶನದಲ್ಲೇ ಅದು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿತು. ತಂಡಕ್ಕೆ ಐದು ಜನ. ಅಂಕಣ 50 ಗಜ ಉದ್ದ, 25 ಗಜ ಅಗಲ, ಎರಡು ತುದಿಗೂ ಹತ್ತತ್ತು ಗಜದ ಗೋಲು ವಲಯ. ಒಟ್ಟು ಸುಮಾರು 64 ಮೀಟರ್ ಉದ್ದ, 23 ಮೀಟರ್ ಅಗಲ ಜಾಗ ಸಾಕು, ಸುಣ್ಣದ ಗೆರೆ ಎಳೆದರಾಯಿತು. ಕೆಡವುವುದಿಲ್ಲ. ಚೆಂಡು ಹಿಡಿದವನ ಸೊಂಟದಿಂದ ಫ್ಲ್ಯಾಗ್, ಅಂದರೆ ಬಟ್ಟೆಯ ಪಟ್ಟಿ, ಕಿತ್ತರೆ ಆಟ ನಿಂತಿತು.

ದರ್ಜಿಯ ಬಳಿ ಪಟ್ಟಿ ಹೊಲಿಸುವುದಾದರೆ ವೆಲ್ಕ್ರೊ ಹಾಕಿಸಿ. ಗಂಟು ಹಾಕಿದ ಪಟ್ಟಿ ಕಿತ್ತು ಬರುವುದಿಲ್ಲ, ಹುಡುಗನನ್ನೇ ಎಳೆದು ಬೀಳಿಸುತ್ತದೆ. ಅಂಗಿ ಒಳಗೆ ಸಿಕ್ಕಿಸಿರಲಿ. ಜೇಬಿರುವ ಟ್ರ್ಯಾಕ್ ಪ್ಯಾಂಟ್ ಬೇಡ, ಪಟ್ಟಿಗೆ ಕೈ ಹಾಕಿದವನ ಬೆರಳು ಜೇಬಿಗೆ ಸಿಕ್ಕಿ ಮುರಿಯಬಹುದು. ಬೇರೆ ಪ್ಯಾಂಟ್ ಇಲ್ಲದಿದ್ದರೆ ಜೇಬಿನ ಬಾಯಿಯನ್ನು ಹೊಲಿಸಿಬಿಡಿ.